ಅಪ್ಪ ನಿಮ್ಮವರೇ, ಬರಹ ಯಾರದು?

(ಗುಬ್ಬಿ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: ಅವರ ತಂದೆ ಕಂಪನಿ ನಾಟಕಗಳಲ್ಲಿ ಕಾಲು ಹಾರ್ಮೋನಿಯಂ ನುಡಿಸುತ್ತಿದ್ದರು. 1994ರಲ್ಲಿ ಅವರ ಬಗ್ಗೆ ನಮ್ಮ ಪತ್ರಿಕೆಯಲ್ಲಿ ಎರಡು ಪುಟದ ಲೇಖನ ಬಂದಿತ್ತು. ಮಗಳು ಅದನ್ನು ಹಾಗೇ ಟೈಪ್ ಮಾಡಿ, ಮನೆ ಗೋಡೆಯ ಮೇಲಿದ್ದ ಫೋಟೋ ಸೇರಿಸಿ, ಕನ್ನಡ ವಿಕಿಪೀಡಿಯಕ್ಕೆ ಹಾಕಿದರು. ನಾಲ್ಕನೇ ದಿನಕ್ಕೆ ಎರಡನ್ನೂ ತೆಗೆದುಹಾಕಿದ್ದರು. ಕೃತಿಸ್ವಾಮ್ಯದ ತಕರಾರು ಒಂದು, "ನೀವು ಇವರಿಗೆ ಏನಾಗಬೇಕು?" ಎಂಬ ಪ್ರಶ್ನೆ ಇನ್ನೊಂದು. "ಅಪ್ಪ ನಮ್ಮವರು, ಫೋಟೋ ನಮ್ಮನೆಯದು, ಪತ್ರಿಕೆ ನಮ್ಮ ಜಿಲ್ಲೆಯದು. ಲೆಟರ್‌ಹೆಡ್ಡಿನಲ್ಲಿ ಒಂದು ಸಾಲು ಅನುಮತಿ ಬರೆದು ಸೀಲ್ ಹಾಕಿಕೊಡಿ. ಅಪ್ಪನ ವಿಷಯ ನನಗಿಂತ ಜಾಸ್ತಿ ಯಾರಿಗೆ ಗೊತ್ತು?" ಎಂದು ಕೇಳಿದ್ದಾರೆ.)

ಮೇಡಂ,

ಸೀಲ್ ಮೇಜಿನ ಮೇಲೇ ಇದೆ. ಆದರೆ ಈ ಕಾಗದಕ್ಕೆ ಅದನ್ನು ಒತ್ತುವ ಹಕ್ಕು ನನಗಿಲ್ಲ.

ನಿಮ್ಮ ಪತ್ರ ಬಂದ ದಿನವೇ ಹಳೇ ವೋಚರ್ ಕಟ್ಟು ಬಿಚ್ಚಿಸಿದೆ. ಗೆದ್ದಲು ಒಂದು ಅಂಚು ತಿಂದಿತ್ತು, ಆದರೂ ಚೀಟಿ ಸಿಕ್ಕಿತು. "ಲೇಖನದ ಬಾಬ್ತು 150 ರೂ." ಎಂದಿದೆ, ಕೆಳಗೆ ಲೇಖಕರ ಸಹಿ. ಅಷ್ಟೇ. ಹಕ್ಕು ನಮಗೆ ಬಿಟ್ಟುಕೊಟ್ಟೆ ಅಂತ ಎಲ್ಲೂ ಬರೆದುಕೊಟ್ಟಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಹಕ್ಕು ಕೈ ಬದಲಾಗಬೇಕಾದರೆ ಅದು ಬರವಣಿಗೆಯಲ್ಲೇ ಇರಬೇಕು. ಅವರು ನಮ್ಮ ಸಂಬಳದವರೂ ಅಲ್ಲ, ಹೊರಗಿನಿಂದ ಬರೆಯುತ್ತಿದ್ದವರು. ಸಂಬಳದ ವರದಿಗಾರ ಬರೆದದ್ದು ಕೂಡ, ಬೇರೆ ಒಪ್ಪಂದ ಇಲ್ಲದಿದ್ದರೆ, ಪತ್ರಿಕೆಯಲ್ಲಿ ಅಚ್ಚು ಹಾಕುವ ಮಟ್ಟಿಗೆ ಮಾತ್ರ ಮಾಲೀಕರದು. ಮಿಕ್ಕದ್ದು ಬರೆದವರದೇ. ಇದು ಎಷ್ಟೋ ಸಂಪಾದಕರಿಗೇ ಗೊತ್ತಿಲ್ಲ.

ನಮ್ಮ ಲೇಖಕರು 2009ರಲ್ಲಿ ತೀರಿಕೊಂಡರು. ಬರೆದವರು ಹೋದ ಮುಂದಿನ ಜನವರಿ 1ರಿಂದ 60 ವರ್ಷ ಎಣಿಸಬೇಕು. ಅಂದರೆ ಆ ಎರಡು ಪುಟ 2069ರ ಕೊನೆಯವರೆಗೂ ಅವರ ಮಕ್ಕಳದು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಹೋದದ್ದು 1962ರಲ್ಲಿ, ಹಾಗಾಗಿ ಅವರ ಬರಹ 2023ರಿಂದ ಎಲ್ಲರದು. ಮುಳಬಾಗಿಲಿನ ಡಿವಿಜಿಯವರದು 2035 ಮುಗಿಯುವವರೆಗೆ ಹಾಗಲ್ಲ, ನಾವು ದಿನಾ ಬೆಳಗ್ಗೆ ವಾಟ್ಸಾಪಿನಲ್ಲಿ ಅವರ ಪದ್ಯ ಕಳಿಸುತ್ತಿದ್ದರೂ.

ಆ ಮಕ್ಕಳು ಒಪ್ಪಿದರೆ? ಆಗಬಹುದು. ಆದರೆ "ವಿಕಿಪೀಡಿಯಕ್ಕೆ ಮಾತ್ರ" ಎಂಬ ಅನುಮತಿ ಅಲ್ಲಿ ನಡೆಯುವುದಿಲ್ಲ. ಅಲ್ಲಿನ ಬರಹ ಇರುವುದು ಕ್ರಿಯೇಟಿವ್ ಕಾಮನ್ಸ್‌ನ ಮುಕ್ತ ಪರವಾನಗಿಯಲ್ಲಿ. ಮೂಲದ ಹೆಸರು ಹೇಳಿ, ತಾವು ಬದಲಿಸಿದ್ದನ್ನೂ ಅದೇ ಪರವಾನಗಿಯಲ್ಲಿ ಬಿಟ್ಟರೆ, ಯಾರು ಬೇಕಾದರೂ ನಕಲು ಮಾಡಬಹುದು, ತಿದ್ದಬಹುದು, ಪುಸ್ತಕ ಮಾಡಿ ಮಾರಲೂಬಹುದು. ಒಮ್ಮೆ ಕೊಟ್ಟರೆ ವಾಪಸ್ ಪಡೆಯಲಾಗದು. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು ಹೀಗೇ ಬಿಟ್ಟುಕೊಟ್ಟದ್ದರಿಂದ ಅದರ ಎಷ್ಟೋ ಬರಹ ವಿಕಿಪೀಡಿಯಕ್ಕೆ ಬಂತು. ಇದನ್ನೆಲ್ಲ ಆ ಮಕ್ಕಳಿಗೆ ಬಿಡಿಸಿ ಹೇಳದೆ ಸಹಿ ಹಾಕಿಸಿಕೊಳ್ಳಬೇಡಿ.

ನನ್ನನ್ನು ಕೇಳಿದರೆ ಸಹಿಯ ಗೋಜೇ ಬೇಡ. ವಿಷಯಕ್ಕೆ ಮಾಲೀಕರಿಲ್ಲ, ಹೇಳಿದ ರೀತಿಗೆ ಮಾತ್ರ ಇದ್ದಾರೆ. ಆ ಲೇಖನದ ಮೊದಲ ಸಾಲೇ ನೋಡಿ: "ಅವರು ಕಾಲಲ್ಲಿ ಗಾಳಿ ಒತ್ತಿದರೆ ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದವನೂ ಟವೆಲ್ ಕೊಡವಿ ಕೂರುತ್ತಿದ್ದ." ಈ ಸಾಲು ಲೇಖಕರದು. ಟವೆಲ್ ತೆಗೆದು ವಲ್ಲಿ ಹಾಕಿದರೂ ಅವರದೇ. ಆದರೆ ನಿಮ್ಮ ತಂದೆ ಯಾವ ವರ್ಷ ಯಾವ ಕಂಪನಿ ಸೇರಿದರು, ಯಾರ ಹತ್ತಿರ ಕಲಿತರು, ಇವು ಯಾರ ಸ್ವತ್ತೂ ಅಲ್ಲ. ಲೇಖನ ಮುಚ್ಚಿಟ್ಟು ಸಾದಾ ಮಾತಿನಲ್ಲಿ ಎಂಟು ಸಾಲು ಬರೆಯಿರಿ. ಕೆಳಗೆ ನಮ್ಮ ಸಂಚಿಕೆಯ ತಿಂಗಳು, ಪುಟ ಕೊಡಿ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಫೋಟೋದ ಕಥೆ ಬೇರೆ. ಹಿಂದೆ ಸ್ಟುಡಿಯೋ ಮುದ್ರೆ ಇದೆ ಅಂದಿದ್ದೀರಿ. ಆಗ ದುಡ್ಡು ಕೊಟ್ಟು ತೆಗೆಸಿದವರು ಯಾರು? ಬೇರೆ ಮಾತುಕತೆ ಇಲ್ಲದಿದ್ದರೆ ಹಕ್ಕು ಅವರದು. ನಿಮ್ಮ ತಂದೆಯೇ ತೆಗೆಸಿದ್ದರೆ ಈಗ ನಿಮಗೂ ನಿಮ್ಮ ಒಡಹುಟ್ಟಿದವರಿಗೂ ಸೇರಿದ್ದು. ಅಣ್ಣಂದಿರನ್ನೂ ಕೇಳಿ. ಕಂಪನಿ ಮಾಲೀಕರು ಜಾಹೀರಾತಿಗೆಂದು ತೆಗೆಸಿದ್ದಾದರೆ ನಿಮ್ಮ ಮನೆ ಗೋಡೆಯಲ್ಲಿರುವುದು ಬರೀ ಒಂದು ಪ್ರತಿ. ಇನ್ನೊಂದು ಮಾತು. ಅದನ್ನು ಮೊಬೈಲಿನಲ್ಲಿ ಕ್ಲಿಕ್ಕಿಸಿ "ನನ್ನ ಸ್ವಂತ ಕೃತಿ" ಎಂದು ಟಿಕ್ ಹಾಕಿದ್ದೀರಿ, ಅಲ್ವಾ? ಬಹಳ ಜನ ಹಾಗೇ ಮಾಡುತ್ತಾರೆ. ಫೋಟೋದ ಫೋಟೋ ತೆಗೆದರೆ ಅದು ನಮ್ಮದಾಗುವುದಿಲ್ಲ.

ಈಗ ಎರಡನೇ ತಕರಾರು. ಕೃತಿಸ್ವಾಮ್ಯ ಸರಿಹೋದರೂ ಇದು ಹಾಗೇ ಉಳಿಯುತ್ತದೆ.

2012ರಲ್ಲಿ ನಾನೂ ಸಿಕ್ಕಿಬಿದ್ದೆ. ನಮ್ಮ ಪತ್ರಿಕೆಯ ಪುಟಕ್ಕೆ ಹೋಗಿ "ಜಿಲ್ಲೆಯ ಮನೆಮಾತು" ಎಂದು ಸೇರಿಸಿದ್ದೆ. ಮಾರನೇ ದಿನ ಯಾರೋ ಅದನ್ನು ಅಳಿಸಿ, ಚರ್ಚೆ ಪುಟದಲ್ಲಿ "ತಾವು ಪತ್ರಿಕೆಯವರೇ?" ಎಂದು ಕೇಳಿದ್ದರು. ಒಂದು ವಾರ ಉರಿದುಕೊಂಡೆ. ಇವನ್ಯಾರು ಕೇಳಲಿಕ್ಕೆ ಅಂತ. ಆ ಪುಟದ ಇತಿಹಾಸ ತೆರೆದರೆ ನನ್ನ ಸಾಲು, ಅದನ್ನು ಅಳಿಸಿದ್ದು, ಎರಡೂ ಇವತ್ತಿಗೂ ಕಾಣುತ್ತವೆ. ಸುಮ್ನೆ ಒಪ್ಪಿಕೊಂಡಿದ್ದರೆ ಚೆನ್ನಾಗಿತ್ತು.

ಕನ್ನಡ ವಿಕಿಪೀಡಿಯದವರು ತಮ್ಮ ಮಾತುಕತೆಯ ಜಾಗಕ್ಕೆ ಅರಳಿ ಕಟ್ಟೆ ಎಂದೇ ಹೆಸರಿಟ್ಟಿದ್ದಾರೆ. ನಮ್ಮೂರ ಕಟ್ಟೆಯಲ್ಲಿ ಬದುವಿನ ಜಗಳ ಬಂದರೆ ಹೊಲದವನನ್ನು ಯಾರೂ ಓಡಿಸುವುದಿಲ್ಲ. ಅವನು ತನ್ನ ಮಾತು ಹೇಳುತ್ತಾನೆ, ಪತ್ರ ತೋರಿಸುತ್ತಾನೆ. ಪಂಚರ ಸಾಲಿನಲ್ಲಿ ಮಾತ್ರ ಕೂರುವುದಿಲ್ಲ. ಇದೂ ಅಷ್ಟೇ. ನಿಮ್ಮ ಸದಸ್ಯ ಪುಟದಲ್ಲಿ ಮಗಳು ಎಂದು ಬರೆದುಕೊಳ್ಳಿ. ಆ ಎಂಟು ಸಾಲನ್ನು ನೇರವಾಗಿ ಲೇಖನಕ್ಕೆ ಹಾಕದೆ ಚರ್ಚೆ ಪುಟದಲ್ಲೋ ಅರಳಿ ಕಟ್ಟೆಯಲ್ಲೋ ಇಡಿ. ಬೇರೆಯವರು ನೋಡಿ ಸೇರಿಸಲಿ. ತಡವಾಗಬಹುದು.

ದುಡ್ಡು ಕೊಟ್ಟು ಯಾರಿಂದಲಾದರೂ ಬರೆಸೋಣ ಅಂತ ನಿಮ್ಮ ತಮ್ಮ ಹೇಳಿದರಂತೆ. ದುಡ್ಡಿಗೆ ಬರೆಯುವವರು ಯಾರ ಪರವಾಗಿ ಬರೆಯುತ್ತಿದ್ದೇನೆ ಎಂದು ಬಹಿರಂಗವಾಗಿ ಹೇಳಲೇಬೇಕು. 2014ರಿಂದ ಅದು ಬಳಕೆಯ ಷರತ್ತುಗಳಲ್ಲೇ ಇದೆ. ಕಾಲೇಜಿನ ಪುಟ ಬರೆಯಲು ಪ್ರಿನ್ಸಿಪಾಲರು ಆಫೀಸಿನ ಹುಡುಗನನ್ನು ಕೂರಿಸಿದರೆ ಅವನಿಗೂ ಇದೇ ನಿಯಮ.

ಅಪ್ಪನ ವಿಷಯ ನಿಮಗಿಂತ ಜಾಸ್ತಿ ಯಾರಿಗೂ ಗೊತ್ತಿಲ್ಲ, ಒಪ್ಪಿದೆ. ಆದರೆ ಎಲ್ಲೂ ಅಚ್ಚಾಗದ್ದನ್ನು ವಿಶ್ವಕೋಶ ತೆಗೆದುಕೊಳ್ಳುವುದಿಲ್ಲ. ಕ್ಯಾಂಪ್ ಮುಗಿದ ಮೇಲೆ ಮಳೆಯಲ್ಲಿ ಪೆಟ್ಟಿಗೆಗೆ ತಮ್ಮ ಕೋಟು ಹೊದಿಸಿ ತಾವು ನೆನೆದುಕೊಂಡು ಬಂದರು ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀರಲ್ಲ, ಅದಕ್ಕೆ ಅಲ್ಲಿ ಜಾಗವಿಲ್ಲ. ನಮ್ಮಲ್ಲಿದೆ. ಮೂರು ಪುಟ ಬರೆದು ಕಳಿಸಿ. ಹಕ್ಕು ನಿಮ್ಮದೇ, ಈ ಸಲ ವೋಚರಿನಲ್ಲೂ ಹಾಗೇ ಬರೆಸುತ್ತೇನೆ. ಮಗಳ ಬರಹವಾದ್ದರಿಂದ ಅಲ್ಲಿ ಅದಕ್ಕೆ ಹೆಚ್ಚು ತೂಕ ಸಿಗಲಿಕ್ಕಿಲ್ಲ. ಹುಟ್ಟೂರು, ಕಂಪನಿ ಹೆಸರಿನಂಥ ಸಣ್ಣ ವಿವರಕ್ಕೆ ಆದೀತು.

1994ರ ಲೇಖನದ ಜೆರಾಕ್ಸ್ ಇವತ್ತಿನ ಅಂಚೆಗೆ ಹಾಕಿದ್ದೇನೆ. ಎರಡನೇ ಪುಟದ ಮೂಲೆಯಲ್ಲಿ ಕಾಫಿ ಕಲೆ ಇದೆ. ಅಲ್ಲಿ ಪುಟದ ನಂಬರ್ ಕಾಣದಿದ್ದರೆ ಆಫೀಸಿಗೆ ಫೋನ್ ಮಾಡಿ.

– ಸಂಪಾದಕ