ಬಸುರಿಯಾದವರಿಗೆಲ್ಲ ಎಚ್‌ಐವಿ ಪರೀಕ್ಷೆ ಯಾಕೆ? ನಮ್ಮ ಮೇಲೆ ಅನುಮಾನವಾ?

ರಕ್ತಪರೀಕ್ಷೆಯ ಚೀಟಿಯಲ್ಲಿ ಎಚ್‌ಐವಿ ಅಂತ ನೋಡಿ ಅತ್ತೆ ಸಿಟ್ಟಾದರು, ಮಾಡಿಸಲೇಬೇಕಾ ಅಂತ ಕೇಳಿದ್ದೀರಿ. ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಆಪ್ತ ಸಮಾಲೋಚಕಿಯಾಗಿದ್ದವಳು. ಈ ಪ್ರಶ್ನೆ ಕೇಳದ ಅತ್ತೆಯನ್ನು ನಾನು ನೋಡಿದ್ದೇ ಕಡಿಮೆ!

ಅನುಮಾನ ಅಲ್ಲಮ್ಮ. ಹಿಮೋಗ್ಲೋಬಿನ್, ಬ್ಲಡ್ ಗ್ರೂಪ್ ನೋಡುವ ಹಾಗೆ ತಾಯಿ ಕಾರ್ಡ್ ಮಾಡಿಸುವ ಎಲ್ಲರಿಗೂ ಇದನ್ನು ಹೇಳುತ್ತಾರೆ. ಮುಖ ನೋಡಿ ಆರಿಸುವುದಿಲ್ಲ.

ಬೆರಳಿಗೆ ಸಣ್ಣ ಚುಚ್ಚು, ಒಂದು ಹನಿ ರಕ್ತ, ಕಿಟ್ ಮೇಲೆ ಅರ್ಧ ಗಂಟೆಯೊಳಗೆ ಗೆರೆ ಮೂಡುತ್ತದೆ. ಬಸುರಿ ಹೌದೋ ಅಲ್ಲವೋ ನೋಡುವಾಗ ಎರಡು ಗೆರೆ ಬರಲಿ ಅಂತ ಕಾದಿರುತ್ತೀರಿ, ಅಲ್ವಾ? ಇಲ್ಲಿ ಒಂದೇ ಬರಲಿ ಅಂತ ಕಾಯಬೇಕು. ಎರಡು ಬಂದರೂ ಅದೇ ಕೊನೆಯಲ್ಲ. ಬೇರೆ ಬೇರೆ ಕಿಟ್‌ಗಳಲ್ಲಿ ಮತ್ತೆ ನೋಡಿ ಖಚಿತವಾದ ಮೇಲೇ ಹೇಳುತ್ತಾರೆ.

ಇದ್ದರೆ ಬೇಗ ಗೊತ್ತಾಗುವುದೇ ಮಗುವಿನ ಪುಣ್ಯ. ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ದಾಟುವ ಸಾಧ್ಯತೆ ನೂರಕ್ಕೆ 15ರಿಂದ 45. ಮಾತ್ರೆ ಬೇಗ ಶುರುವಾಗಿ ದಿನವೂ ತಪ್ಪದೆ ತೆಗೆದುಕೊಂಡರೆ ಅದು 5ಕ್ಕಿಂತ ಕೆಳಗೆ ಬರುತ್ತದೆ. ಎಆರ್‌ಟಿ ಅನ್ನುವ ಈ ಮಾತ್ರೆ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧಿ, ಸರ್ಕಾರಿ ಕೇಂದ್ರದಲ್ಲಿ ಉಚಿತ, ಜೀವನಪೂರ್ತಿ ನುಂಗಬೇಕು. ಹುಟ್ಟಿದ ಮಗುವಿಗೂ ಕೆಲವು ವಾರ ಸಿರಪ್ ಕೊಡುತ್ತಾರೆ, ಆರು ವಾರಕ್ಕೆ ರಕ್ತ ನೋಡುತ್ತಾರೆ, 18 ತಿಂಗಳಿಗೆ ಇನ್ನೊಮ್ಮೆ. ಆ 18 ತಿಂಗಳ ರಿಪೋರ್ಟ್ ನೆಗೆಟಿವ್ ಅಂತ ಕೇಳಿ, ನನ್ನ ಮೇಜಿನ ಮೇಲಿದ್ದ ಪೆನ್ ಕಚ್ಚುತ್ತಿದ್ದ ಮಗುವನ್ನು ಎತ್ತಿಕೊಂಡು ಮಾತೇ ಆಡದೆ ಎದ್ದು ಹೋದ ತಾಯಿಯೊಬ್ಬಳು ನನಗೆ ಇನ್ನೂ ನೆನಪಿದ್ದಾಳೆ.

ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ. 2017ರ ಎಚ್‌ಐವಿ-ಏಡ್ಸ್ ಕಾನೂನು ಹಾಗೆ ಹೇಳುತ್ತದೆ. ರಿಪೋರ್ಟ್ ನಿಮ್ಮದು. ಕಾರಿಡಾರ್‌ನಲ್ಲಿ ಕೂಗಿ ಹೇಳುವುದು, ಅತ್ತೆ ಕೈಗೆ ಕೊಡುವುದು ತಪ್ಪು. ಒಬ್ಬರೇ ಒಳಗೆ ಹೋಗಿ ಮಾತಾಡಿ.

ಯಜಮಾನರನ್ನೂ ಕರೆದುಕೊಂಡು ಹೋಗಿ. "ನಂಗ್ಯಾಕೆ, ನಾನೇನು ಬಸುರಿನಾ?" ಅನ್ನುವ ಗಂಡಸರು ಬೇಕಾದಷ್ಟು. ಆದರೆ ಇವತ್ತು ನೆಗೆಟಿವ್ ಬಂದವಳಿಗೆ ನಾಳೆ ಗಂಡನಿಂದ ಬರಬಹುದು. ಬಸುರಿನಲ್ಲಿ, ಹಾಲೂಡುವಾಗ ಹೊಸದಾಗಿ ತಗುಲಿದರೆ ಮಗುವಿಗೆ ಅಪಾಯ ಜಾಸ್ತಿ. ಅವರೂ ಅದೇ ದಿನ ಬೆರಳು ಕೊಡಲಿ.

ಮತ್ತೆ, ಎಚ್‌ಐವಿಗೆ ಖಾಲಿ ಹೊಟ್ಟೆ ಬೇಡ. ಶುಗರ್‌ಗೆ ಹೇಗೆ ಅಂತ ಅಲ್ಲೇ ಕೇಳಿಕೊಳ್ಳಿ. ಸುಮ್ನೆ ಉಪವಾಸ ಕೂರಬೇಡಿ.