ವ್ಯಾನ್ ಗೋ ಮ್ಯೂಸಿಯಂಗೆ ಹೊರಟಿದ್ದೀರಾ? ಓದುಗರ ಪ್ರಶ್ನೆಗಳಿಗೆ ಡ್ರಾಯಿಂಗ್ ಮೇಷ್ಟ್ರ ಉತ್ತರ

ಪ್ರಶ್ನೆ: ಮೇಷ್ಟ್ರೇ, ನಮ್ಮ ಮಗ ನೆದರ್ಲೆಂಡ್ಸಿನ ಐಂಡ್‌ಹೋವನ್‌ನಲ್ಲಿ ಕೆಲಸದಲ್ಲಿದ್ದಾನೆ. ಏಪ್ರಿಲ್‌ನಲ್ಲಿ ನಾನೂ ನಮ್ಮ ಯಜಮಾನರೂ ಅಲ್ಲಿಗೆ ಹೋಗುತ್ತಿದ್ದೇವೆ. ಸೊಸೆ ಆಮ್‌ಸ್ಟರ್‌ಡ್ಯಾಮಿನ ವ್ಯಾನ್ ಗೋ ಮ್ಯೂಸಿಯಂ ತೋರಿಸುತ್ತೇನೆ ಅನ್ನುತ್ತಾಳೆ. ಯಜಮಾನರು ಭದ್ರಾ ಚಾನಲ್ ನೀರಲ್ಲಿ ಭತ್ತ ಬೆಳೆದವರು. "ಒಬ್ಬನೇ ಬಿಡಿಸಿದ ಚಿತ್ರ ನೋಡೋಕೆ ಇಡೀ ದಿನ ಯಾಕೆ, ಟುಲಿಪ್ ತೋಟ ನೋಡೋಣ" ಅಂತಾರೆ. ನನಗೂ ಚಿತ್ರಕಲೆ ತಿಳಿಯದು. ಮಂಡಿನೋವು ಬೇರೆ. ಹೋಗಬೇಕಾ? ಹೋಗುವುದಾದರೆ ಹೇಗೆ ತಯಾರಾಗಲಿ?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಹೋಗಿ ಅಮ್ಮ, ಖಂಡಿತ ಹೋಗಿ. ಯಜಮಾನರನ್ನು ಮಾತ್ರ ಮನೆಯಲ್ಲಿ ಬಿಟ್ಟು ಹೋಗಬೇಡಿ. ಅಲ್ಲಿರುವ ಒಂದು ಚಿತ್ರ ನನಗಿಂತ ನಿಮಗಿಂತ ಅವರಿಗೇ ಚೆನ್ನಾಗಿ ಅರ್ಥವಾಗುತ್ತದೆ. ಟುಲಿಪ್ ಕೂಡ ನೋಡಿ. ಲಿಸ್ಸೆ ಊರಿನ ಕ್ಯೂಕೆನ್‌ಹಾಫ್ ತೋಟ ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗೆ ತೆರೆದಿರುತ್ತದೆ, ಏಪ್ರಿಲ್ ಒಳ್ಳೆಯ ಸಮಯ. ಆದರೆ ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ, ಮಂಡಿ ಕೇಳುವುದಿಲ್ಲ.

ಮೊದಲ ಕೆಲಸ ಟಿಕೆಟ್. ಈ ಮ್ಯೂಸಿಯಂಗೆ ಆನ್‌ಲೈನ್‌ನಲ್ಲೇ ಟಿಕೆಟ್ ತೆಗೆಯಬೇಕು, ಎಷ್ಟು ಗಂಟೆಗೆ ಒಳಗೆ ಹೋಗುತ್ತೀರಿ ಅಂತ ಸಮಯವನ್ನೂ ಆರಿಸಬೇಕು. ಬಾಗಿಲಿಗೆ ಹೋಗಿ ಕೊಳ್ಳೋಣ ಅಂದರೆ ಆಗದು. ಏಪ್ರಿಲ್ ಅಲ್ಲಿ ಪ್ರವಾಸಿಗಳ ಕಾಲ, ಅದಕ್ಕೆ ವಿಮಾನದ ಟಿಕೆಟ್ ಆದ ಕೂಡಲೇ ಇದನ್ನೂ ಮಾಡಿಸಿಬಿಡಿ. ದೊಡ್ಡವರಿಗೆ 20 ಯೂರೋಗಿಂತ ಜಾಸ್ತಿಯೇ ಇದೆ, 18ರ ಒಳಗಿನವರಿಗೆ ಉಚಿತ, ಆದರೆ ಮಕ್ಕಳಿಗೂ ಸಮಯ ಕಾದಿರಿಸಬೇಕು. ಐಂಡ್‌ಹೋವನ್‌ನಿಂದ ಆಮ್‌ಸ್ಟರ್‌ಡ್ಯಾಮಿಗೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಬೆಳಗಿನ ಮೊದಲ ಸಮಯ ತೆಗೆದುಕೊಂಡರೆ ನೀವು ಕತ್ತಲಲ್ಲೇ ಏಳಬೇಕಾಗುತ್ತದೆ. ಅದಕ್ಕಿಂತ ಮಧ್ಯಾಹ್ನ ಮೂರರ ಹೊತ್ತಿನದು ತೆಗೆದುಕೊಳ್ಳಿ, ಆಗ ಜನವೂ ಕಡಿಮೆ. ಮ್ಯೂಸಿಯಂ ಮುಂದೆ ದೊಡ್ಡ ಹುಲ್ಲಿನ ಮೈದಾನ ಇದೆ, ಮ್ಯೂಸಿಯಂಪ್ಲೇನ್ ಅಂತ ಅದರ ಹೆಸರು. ಮನೆಯಿಂದ ಚಪಾತಿ ಪಲ್ಯ ಕಟ್ಟಿಕೊಂಡು ಹೋಗಿ ಅಲ್ಲೇ ಕೂತು ಊಟ ಮಾಡಿ, ಆಮೇಲೆ ಒಳಗೆ ಹೋಗಿ. ದೊಡ್ಡ ಬ್ಯಾಗ್ ಬೇಡ. ಒಳಗೆ ಲಿಫ್ಟ್ ಇದೆ. ಗಾಲಿಕುರ್ಚಿಯೂ ಕೊಡುತ್ತಾರೆ, ಮೊದಲೇ ಮಗನ ಕೈಲಿ ಕೇಳಿಸಿಡಿ, ಸಂಕೋಚ ಬೇಡ. ಎದುರಿಗೇ ರೈಕ್ಸ್‌ಮ್ಯೂಸಿಯಂ ಇದೆ, ಬಂದಿದ್ದೀವಿ ಅದನ್ನೂ ನೋಡಿಬಿಡೋಣ ಅಂತ ಯಾರಾದರೂ ಎಳೆದರೆ ಹೋಗಬೇಡಿ.

ಇನ್ನು ನಾನು ನಿಜವಾಗಿ ಹೇಳಬೇಕಾದ ಮಾತು. ಚಿತ್ರಕಲೆ ಗೊತ್ತಿಲ್ಲ ಅಂದಿರಿ, ಅದು ಇಲ್ಲಿ ಅಡ್ಡಿಯೇ ಅಲ್ಲ. ಹತ್ತಾರು ಕಲಾವಿದರ ಕೆಲಸ ಇರುವ ಕಡೆ ಯಾವುದು ಏನು ಅಂತ ತಲೆ ಚಿಟ್ಟು ಹಿಡಿಯುತ್ತದೆ. ಇಲ್ಲಿ ಹಾಗಲ್ಲ. 200ಕ್ಕೂ ಹೆಚ್ಚು ವರ್ಣಚಿತ್ರಗಳ ಸಂಗ್ರಹ, 500ರ ಹತ್ತಿರ ರೇಖಾಚಿತ್ರ, ಪತ್ರಗಳು, ಎಲ್ಲವೂ ಒಬ್ಬನೇ ಮನುಷ್ಯನವು. ಅವನ ಬದುಕು ಗೊತ್ತಿದ್ದರೆ ಸಾಕು, ಚಿತ್ರ ತಾನಾಗಿ ಮಾತಾಡುತ್ತದೆ. ಅದಕ್ಕೆ ಹೋಗುವ ಮೊದಲು ನಿಮ್ಮ ತಯಾರಿ ಇಷ್ಟೇ: ಅವನ ಕಥೆ ತಿಳಿದುಕೊಳ್ಳುವುದು.

ವಿನ್ಸೆಂಟ್ ವ್ಯಾನ್ ಗೋ ಹುಟ್ಟಿದ್ದು 1853ರಲ್ಲಿ, ಪಾದ್ರಿಯ ಮಗ. ಚಿತ್ರ ಮಾರುವ ಅಂಗಡಿಯಲ್ಲಿ ಕೆಲಸ, ಮೇಷ್ಟ್ರ ಕೆಲಸ, ಗಣಿ ಕಾರ್ಮಿಕರ ನಡುವೆ ಧರ್ಮಪ್ರಚಾರ, ಯಾವುದೂ ನಿಲ್ಲಲಿಲ್ಲ. ಚಿತ್ರಕಾರ ಆಗುತ್ತೇನೆ ಅಂತ ನಿರ್ಧರಿಸಿದಾಗ 27 ವಯಸ್ಸು. 1890ರಲ್ಲಿ ತೀರಿಕೊಂಡ. ಅಂದರೆ ನೀವು ನೋಡುವುದೆಲ್ಲ ಹತ್ತು ವರ್ಷದ ಕೆಲಸ. ಆ ಹತ್ತು ವರ್ಷ ತಮ್ಮ ಥಿಯೋ ಹಣ ಕಳಿಸಿ ಸಾಕಿದ. ಅಣ್ಣ ತೀರಿಕೊಂಡ ಆರು ತಿಂಗಳಿಗೆ ತಮ್ಮನೂ ಹೋದ. ಆಗ ಥಿಯೋನ ಹೆಂಡತಿ ಯೋಹಾನ್ನಾಗೆ 28 ವರ್ಷ, ಮಡಿಲಲ್ಲಿ ವರ್ಷ ತುಂಬದ ಮಗು, ಮನೆ ತುಂಬ ಯಾರೂ ಕೊಳ್ಳದ ಚಿತ್ರಗಳು. ಆಕೆ ಅವನ್ನು ಮೂಲೆಗೆ ಹಾಕಲಿಲ್ಲ. ಊಟ ವಸತಿಯ ಮನೆ ನಡೆಸಿ ಮಗನನ್ನು ಸಾಕಿಕೊಂಡು, ಭಾವನ ಚಿತ್ರಗಳನ್ನು ಊರೂರಲ್ಲಿ ಪ್ರದರ್ಶನಕ್ಕೆ ಇಡಿಸಿದರು. 1905ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲೇ 400ಕ್ಕೂ ಹೆಚ್ಚು ಕೃತಿಗಳ ಪ್ರದರ್ಶನ ಮಾಡಿದರು. 1914ರಲ್ಲಿ ಅಣ್ಣ ತಮ್ಮಂದಿರ ಪತ್ರಗಳನ್ನು ಪುಸ್ತಕ ಮಾಡಿದರು. ಆ ಮಗು ದೊಡ್ಡವನಾಗಿ ಎಂಜಿನಿಯರ್ ಆದ, ಅವನಿಂದಲೇ ಸಂಗ್ರಹ ಒಂದು ಪ್ರತಿಷ್ಠಾನಕ್ಕೆ ಹೋಗಿ, 1973ರಲ್ಲಿ ಮ್ಯೂಸಿಯಂ ತೆರೆಯಿತು. ಆ ಮಗು ಹುಟ್ಟಿದ ಸುದ್ದಿ ಕೇಳಿ ದೊಡ್ಡಪ್ಪ ಬರೆದ ಚಿತ್ರವೂ ಅಲ್ಲಿದೆ: ನೀಲಿ ಆಕಾಶದ ಮುಂದೆ ಬಾದಾಮಿ ಮರದ ಬಿಳಿ ಹೂವು. ವಿನ್ಸೆಂಟ್‌ನ ಹೆಸರು ಜಗತ್ತೇ ಹೇಳುತ್ತದೆ, ಈ ಹೆಣ್ಣುಮಗಳ ಹೆಸರು ಹೇಳುವವರು ಕಡಿಮೆ. ನನಗೆ ಆ ಬೇಸರ ಯಾವಾಗಲೂ ಇದೆ. ನೀವಾದರೂ ಆ ಹೂವಿನ ಮುಂದೆ ನಿಂತಾಗ ಆಕೆಯನ್ನು ನೆನೆಯಿರಿ.

ನಿಮ್ಮ ಅದೃಷ್ಟ ಏನು ಗೊತ್ತಾ, ಮಗ ಇರುವುದು ಐಂಡ್‌ಹೋವನ್‌ನಲ್ಲಿ. ಪಕ್ಕದಲ್ಲೇ ನ್ಯೂನೆನ್ ಅಂತ ಊರಿದೆ, ಸಿಟಿ ಬಸ್ಸಿನಲ್ಲೇ ಹೋಗಿ ಬರಬಹುದು. 1883ರ ಕೊನೆಯಿಂದ 1885ರವರೆಗೆ ವಿನ್ಸೆಂಟ್ ಅಲ್ಲಿದ್ದ. ಅಪ್ಪ ಅಲ್ಲಿನ ಚರ್ಚಿನ ಪಾದ್ರಿ. ಆ ಮನೆ, ಆ ಪುಟ್ಟ ಚರ್ಚು ಇವತ್ತಿಗೂ ಇವೆ, ಒಂದು ಚಿಕ್ಕ ಮ್ಯೂಸಿಯಂ ಕೂಡ ಇದೆ. ಆಮ್‌ಸ್ಟರ್‌ಡ್ಯಾಮಿಗೆ ಹೋಗುವ ಹಿಂದಿನ ವಾರವೇ ಇದನ್ನು ನೋಡಿಬಿಡಿ, ಹಿಂದೆ ಮುಂದೆ ಮಾಡಬೇಡಿ. ಯಾಕೆಂದರೆ 1884ರಲ್ಲಿ ಅವನ ಅಮ್ಮ ಬಿದ್ದು ಕಾಲು ಮುರಿದುಕೊಂಡರು, ಅವರಿಗಾಗಿ ಅದೇ ಚರ್ಚಿನ ಚಿತ್ರ ಬರೆದುಕೊಟ್ಟ. ಮರುವರ್ಷ ಅಪ್ಪ ತೀರಿಕೊಂಡ ಮೇಲೆ ಅದೇ ಚಿತ್ರಕ್ಕೆ ಶೋಕದ ಉಡುಪಿನ ಹೆಂಗಸರನ್ನು ಸೇರಿಸಿದ. 2002ರಲ್ಲಿ ಕಳ್ಳರು ಚಾವಣಿ ಹತ್ತಿ ಅದನ್ನೂ ಇನ್ನೊಂದನ್ನೂ ಕದ್ದರು, 2016ರಲ್ಲಿ ಇಟಲಿಯ ನೇಪಲ್ಸ್ ಕಡೆ ಸಿಕ್ಕವು. ಆ ಇನ್ನೊಂದು ಸಮುದ್ರದ ಚಿತ್ರ, ಬಿರುಗಾಳಿಯಲ್ಲಿ ಕಡಲ ದಂಡೆಯಲ್ಲೇ ನಿಂತು ಬರೆದದ್ದು. ಅದರ ಬಣ್ಣದೊಳಗೆ ಮರಳಿನ ಕಣ ಇನ್ನೂ ಅಂಟಿಕೊಂಡಿವೆ. ಗೋಡೆಯ ಮೇಲೆ ಯಾವುದಿರುತ್ತದೆ ಅನ್ನುವುದು ಆಗಾಗ ಬದಲಾಗುತ್ತದೆ, ಇದ್ದರೆ ಬಿಡಬೇಡಿ.

ಈಗ ಯಜಮಾನರ ಚಿತ್ರಕ್ಕೆ ಬರುತ್ತೇನೆ. 'ಆಲೂಗಡ್ಡೆ ತಿನ್ನುವವರು', 1885, ನ್ಯೂನೆನ್‌ನಲ್ಲೇ ಬರೆದದ್ದು. ಒಂದು ಎಣ್ಣೆದೀಪ ಮೇಲಿಂದ ತೂಗುತ್ತಿದೆ, ಕೆಳಗೆ ಐದು ಜನ. ನಡುವೆ ಎಲ್ಲರಿಗೂ ಒಂದೇ ತಟ್ಟೆ. ಒಬ್ಬಾಕೆ ಕಾಫಿ ಬಗ್ಗಿಸುತ್ತಿದ್ದಾಳೆ. ನಮಗೆ ಬೆನ್ನು ಮಾಡಿ ಕೂತ ಹುಡುಗಿಯ ಮುಂದೆ ಬಿಸಿ ಹಬೆ ಏಳುತ್ತಿದೆ. ಬಣ್ಣ ಎಲ್ಲ ಮಂಕು. ಮೊದಲ ನೋಟಕ್ಕೆ ಯಾರಿಗೂ ಇಷ್ಟವಾಗುವ ಚಿತ್ರವಲ್ಲ, ಆ ಕಾಲದಲ್ಲಿ ಅವನ ಗೆಳೆಯನೇ ಕಟುವಾಗಿ ಟೀಕಿಸಿದ. ಆದರೆ ಕೈಗಳನ್ನು ನೋಡಿ. ಗೆಣ್ಣು ಎದ್ದ, ಒರಟು ಕೈ. ತಟ್ಟೆಗೆ ಚಾಚಿದ ಇದೇ ಕೈಯಿಂದ ಇವರು ನೆಲ ಅಗೆದಿದ್ದಾರೆ, ಈ ಊಟ ದುಡಿದು ತಿಂದ ಊಟ ಅನ್ನುವುದು ಕಾಣಬೇಕು ಅಂತ ತಮ್ಮನಿಗೆ ಬರೆದ. ಮುಖಗಳ ಬಣ್ಣ ಮಣ್ಣು ಮೆತ್ತಿದ, ಸಿಪ್ಪೆ ಸುಲಿಯದ ಆಲೂಗಡ್ಡೆಯ ಬಣ್ಣ ಅಂತಲೂ ಬರೆದ. ಇದಕ್ಕಾಗಿ ರೈತರ ಮುಖ, ಕೈಗಳನ್ನು ಚಳಿಗಾಲವಿಡೀ ಬರೆದು ಬರೆದು ಕಲಿತ. ಗದ್ದೆ ಮಾಡಿದವರು ಈ ಚಿತ್ರದ ಮುಂದೆ ನಿಂತರೆ ವಿವರಿಸುವ ಗೈಡ್ ಬೇಕಿಲ್ಲ. ಯಜಮಾನರಿಗೆ ಏನೂ ಹೇಳದೆ ಇದರ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿ, ಹತ್ತು ನಿಮಿಷ ಸುಮ್ನೆ ಬಿಟ್ಟುಬಿಡಿ.

ಅದಾದ ಮೇಲೆ ಎಲ್ಲವನ್ನೂ ನೋಡಲೇಬೇಕು ಅಂತ ಓಡಬೇಡಿ. ಪ್ಯಾರಿಸ್ಸಿಗೆ ಹೋದ ಮೇಲಿನ ಸ್ವಂತ ಮುಖದ ಚಿತ್ರಗಳು ಇವೆ, ಮಾಡೆಲ್‌ಗೆ ಕೊಡಲು ದುಡ್ಡಿಲ್ಲದೆ ಕನ್ನಡಿ ಮುಂದೆ ಕೂತು ಬರೆದವು. ಆಮೇಲೆ ಫ್ರಾನ್ಸಿನ ದಕ್ಷಿಣದ ಆರ್ಲ್ ಊರಿನ ಬೆಳಕು ಬರುತ್ತದೆ, ನ್ಯೂನೆನ್‌ನ ಮಂಕು ಹೋಗಿ ಹಳದಿ ಎದ್ದು ನಿಲ್ಲುತ್ತದೆ. ಕೊನೆಗೆ ಕಾಗೆಗಳು ಹಾರುವ ಗೋಧಿ ಹೊಲ. ಅದೇ ಅವನ ಕೊನೆಯ ಚಿತ್ರ ಅಂತ ಎಲ್ಲರೂ ಹೇಳುತ್ತಾರೆ, ಅದು ಸರಿಯಲ್ಲ. ಪೂರ್ತಿಯಾಗದೆ ಉಳಿದ 'ಮರದ ಬೇರುಗಳು' ಕೊನೆಯದು ಅಂತ ಈಗ ತಿಳಿದವರ ಅಭಿಪ್ರಾಯ. ಗೋಧಿ ಹೊಲದ ಹತ್ತಿರ ಹೋಗಿ ಪಕ್ಕದಿಂದ ಓರೆಯಾಗಿ ನೋಡಿ, ಬಣ್ಣ ಉತ್ತ ಸಾಲಿನ ಹಾಗೆ ಎದ್ದು ನಿಂತಿರುತ್ತದೆ. ಫೋಟೋದಲ್ಲಿ, ಕ್ಯಾಲೆಂಡರ್‌ನಲ್ಲಿ ಇದು ಸಿಗುವುದಿಲ್ಲ. ಅಷ್ಟು ದೂರ ಹೋಗುವುದು ಇದಕ್ಕೇ ಅಲ್ವಾ. ಎರಡು ಗಂಟೆ ಸಾಕು, ಐದಾರು ಚಿತ್ರ ಸಾಕು, ನಡುವೆ ಕೂತು ಸುಧಾರಿಸಿಕೊಳ್ಳಿ.

ಪ್ರಶ್ನೆ: ಸರ್, ನಾನು ದಾವಣಗೆರೆಯ ದೃಶ್ಯಕಲಾ ಕಾಲೇಜಿನ ವಿದ್ಯಾರ್ಥಿ. 'ನಕ್ಷತ್ರದ ರಾತ್ರಿ' ಚಿತ್ರ ಆಮ್‌ಸ್ಟರ್‌ಡ್ಯಾಮಿನಲ್ಲಿ ಇದೆಯಾ? ವಿದೇಶಕ್ಕೆ ಹೋಗುವ ಶಕ್ತಿ ಇಲ್ಲದ ನಮ್ಮಂಥವರು ಏನು ಮಾಡಬೇಕು?

ಉತ್ತರ: ಇಲ್ಲಪ್ಪ, ಅದು ನ್ಯೂಯಾರ್ಕಿನ ಮೋಮಾ ಅನ್ನುವ ಆಧುನಿಕ ಕಲೆಯ ಮ್ಯೂಸಿಯಂನಲ್ಲಿದೆ. ರಾತ್ರಿಯ ಕಾಫಿ ಅಂಗಡಿಯ ಚಿತ್ರ ನೆದರ್ಲೆಂಡ್ಸಿನಲ್ಲೇ ಇದೆ, ಆದರೆ ಬೇರೆ ಊರಲ್ಲಿ, ಒಟ್ಟರ್ಲೋದ ಕ್ರೋಲರ್-ಮ್ಯೂಲರ್ ಮ್ಯೂಸಿಯಂನಲ್ಲಿ.

ಶಕ್ತಿ ಇಲ್ಲ ಅಂತ ಕೊರಗಬೇಡ. ವಿನ್ಸೆಂಟ್‌ನ ಪತ್ರವ್ಯವಹಾರ 900ಕ್ಕೂ ಹೆಚ್ಚು ಪತ್ರಗಳದು, ಅಷ್ಟೂ ಇಂಗ್ಲಿಷಿನಲ್ಲಿ ಇಂಟರ್ನೆಟ್‌ನಲ್ಲಿ ಉಚಿತವಾಗಿವೆ. ಪತ್ರದ ನಡುವೆಯೇ ಅವನು ಬಿಡಿಸಿದ ಪುಟ್ಟ ಸ್ಕೆಚ್‌ಗಳಿವೆ, ಯಾವ ಬಣ್ಣ ಎಲ್ಲಿ ಅಂತ ಬರೆದಿರುತ್ತಾನೆ. ದಿನಕ್ಕೊಂದು ಓದು, ಯಾವ ಕ್ಲಾಸಿನಲ್ಲೂ ಸಿಗದ ಪಾಠ. ಅವನೂ ಕಲಿತದ್ದು ಬಾರ್ಗ್ ಎಂಬುವರ ಡ್ರಾಯಿಂಗ್ ಹಾಳೆಗಳನ್ನು ಮತ್ತೆ ಮತ್ತೆ ನಕಲು ಮಾಡಿಯೇ.

ಒಬ್ಬನೇ ಕಲಾವಿದನ ಕೆಲಸವನ್ನು ಒಟ್ಟಿಗೆ ನೋಡುವ ಅನುಭವ ಬೇಕಾದರೆ ಬೆಂಗಳೂರಿಗೆ ರೈಲು ಹತ್ತು. ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆ ಕೆ. ವೆಂಕಟಪ್ಪನವರ (1886–1965) ಹೆಸರಿನದು. ಮೈಸೂರಿನವರು, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರು, ವೀಣೆಯನ್ನೂ ಸಾಧನೆ ಮಾಡಿದವರು. ಅವರ ಊಟಿಯ ಜಲವರ್ಣಗಳನ್ನು ನೋಡದೆ ಕಾಲೇಜು ಮುಗಿಸಬೇಡ. ಯಾವ ಕೋಣೆ ತೆರೆದಿದೆ ಅಂತ ಫೋನ್ ಮಾಡಿ ಕೇಳಿಕೊಂಡು ಹೊರಡು. ಚಿತ್ರಕಲಾ ಪರಿಷತ್ತಿನಲ್ಲಿ ರಷ್ಯಾದ ಕಲಾವಿದ ರೋರಿಕ್ ಅವರ ಚಿತ್ರಗಳಿವೆ, ಅದೇ ದಿನ ಅದನ್ನೂ ನೋಡಬಹುದು. ನಿನ್ನ ಕಾಲು ಇನ್ನೂ ಗಟ್ಟಿ ಇವೆ.

ಪ್ರಶ್ನೆ: ಸರ್, ಚಿತ್ರದುರ್ಗದಲ್ಲಿ ನಮ್ಮದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ. ಮನೆ ಗೋಡೆಗೆ ಸೂರ್ಯಕಾಂತಿ ಚಿತ್ರ ಕೇಳುತ್ತಾರೆ. ಒಂದೊಂದು ಫೈಲ್‌ನಲ್ಲಿ ಒಂದೊಂದು ಹಳದಿ. ನಿಜವಾದ ಬಣ್ಣ ಯಾವುದು?

ಉತ್ತರ: ಎಷ್ಟು ಒಳ್ಳೆಯ ಪ್ರಶ್ನೆ ಕೇಳಿದಿರಿ! ಮೊದಲನೆಯದು, ಹೂಜಿಯಲ್ಲಿಟ್ಟ ಸೂರ್ಯಕಾಂತಿ ಅವನು ಒಂದೇ ಬರೆದಿಲ್ಲ. ಲಂಡನ್, ಮ್ಯೂನಿಕ್, ಟೋಕಿಯೋ, ಫಿಲಡೆಲ್ಫಿಯಾ, ಆಮ್‌ಸ್ಟರ್‌ಡ್ಯಾಮ್, ಎಲ್ಲ ಕಡೆ ಒಂದೊಂದಿದೆ. ಹಿನ್ನೆಲೆ ಕೆಲವಕ್ಕೆ ಹಳದಿ, ಕೆಲವಕ್ಕೆ ನೀಲಿ ಹಸಿರು. ಆಮ್‌ಸ್ಟರ್‌ಡ್ಯಾಮಿನದು 1889ರ ಜನವರಿಯದು, ಹಿಂದಿನ ಆಗಸ್ಟಿನ ಲಂಡನ್ ಚಿತ್ರ ನೋಡಿಕೊಂಡು ಅವನೇ ಮತ್ತೆ ಬರೆದದ್ದು.

ಎರಡನೆಯದು, ಅವನು ಬಳಸಿದ್ದು ಕ್ರೋಮ್ ಹಳದಿ, ಸೀಸ ಇರುವ ಬಣ್ಣ. ಅದರಲ್ಲಿ ಕೆಲವು ಬಗೆಯವು ಬೆಳಕು ಬಿದ್ದು ಬಿದ್ದು ಕಂದಾಗುತ್ತವೆ. ಅವನ ಕೆಲವು ಕೆಂಪುಗಳು ಮಾಸಿಹೋಗುತ್ತವೆ. ಮಲಗುವ ಕೋಣೆಯ ಚಿತ್ರದ ಗೋಡೆ ಇವತ್ತು ನೀಲಿ ಕಾಣುತ್ತದಲ್ಲ, ಅವನು ಬರೆದಾಗ ತಿಳಿ ನೇರಳೆ ಇತ್ತು, ಅದರೊಳಗಿನ ಕೆಂಪು ಹೋಗಿ ನೀಲಿ ಉಳಿಯಿತು. ಹಾಗಾಗಿ ಅವನು ಕಂಡ ಹಳದಿಯನ್ನು ಇವತ್ತು ಯಾರೂ ಕಾಣಲಾರರು. ಇರುವುದನ್ನಾದರೂ ಉಳಿಸಿಕೊಳ್ಳೋಣ ಅಂತ ಆಮ್‌ಸ್ಟರ್‌ಡ್ಯಾಮಿನ ಮ್ಯೂಸಿಯಂನವರು ತಮ್ಮ ಸೂರ್ಯಕಾಂತಿ ಚಿತ್ರವನ್ನು ಇನ್ನು ಎಲ್ಲಿಗೂ ಕಳಿಸುವುದಿಲ್ಲ ಅಂತ 2019ರಲ್ಲಿ ತೀರ್ಮಾನಿಸಿದರು.

ನಿಮ್ಮ ಕೆಲಸಕ್ಕೆ ಹೀಗೆ ಮಾಡಿ. ಮ್ಯೂಸಿಯಂನ ಸ್ವಂತ ವೆಬ್‌ಸೈಟಿನ ಚಿತ್ರವನ್ನು ಸ್ಕ್ರೀನ್ ಮೇಲೆ ಇಟ್ಟುಕೊಂಡು ಅದಕ್ಕೆ ಬಣ್ಣ ಹೊಂದಿಸಿ, ವಾಟ್ಸಾಪ್‌ನಲ್ಲಿ ಬಂದ ಫೈಲ್ ನಂಬಬೇಡಿ. ಗಿರಾಕಿ ಹಳದಿ ಜಾಸ್ತಿ ಮಾಡಿ ಅಂದರೆ ಎರಡು ಚಿಕ್ಕ ಸ್ಯಾಂಪಲ್ ತೆಗೆದು ಪಕ್ಕಪಕ್ಕ ಇಟ್ಟು ತೋರಿಸಿ. ಹಳದಿ ಏರಿಸಿದ ಕೂಡಲೇ ಎಸಳುಗಳ ನಡುವಿನ ಕಂದು, ಹಸಿರು ಎಲ್ಲ ಕರಗಿ ಹೂವು ಚಪ್ಪಟೆಯಾಗುವುದು ಅವರ ಕಣ್ಣಿಗೇ ಕಾಣುತ್ತದೆ. ಫ್ಲೆಕ್ಸ್ ಬದಲು ಕ್ಯಾನ್ವಾಸ್ ಮೇಲೆ ಹಾಕಿ. ಅಳತೆ ಮೂಲದಷ್ಟೇ ಇರಲಿ, ಎತ್ತರ 95 ಸೆಂಟಿಮೀಟರ್, ಅಗಲ 73. ಬಿಸಿಲು ನೇರವಾಗಿ ಬೀಳುವ ಗೋಡೆಗೆ ಹಾಕಬೇಡಿ ಅಂತ ಬಿಲ್ ಕೊಡುವಾಗ ಒಂದು ಮಾತು ಹೇಳಿ.