ಮೈಸೂರಿನ ಪುರಭವನದಂಥ ಹಳೆಯ ಸಭಾಂಗಣದ ದುರಸ್ತಿಗೆ ಸಿಮೆಂಟಿನ ಬದಲು ಸುಣ್ಣದ ಗಾರೆಯನ್ನೇ ಏಕೆ ಬಳಸಬೇಕು?

ಸುಣ್ಣದ ಗಾರೆ ಗೋಡೆಯ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟು ಅದನ್ನು ಒಳಗೇ ತಡೆಹಿಡಿಯುತ್ತದೆ ಎಂಬುದೇ ಮುಖ್ಯ ಕಾರಣ.

1881ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದ ದಿವಾನ್ ಸಿ. ರಂಗಾಚಾರ್ಲು ಅವರ ನೆನಪಿಗೆ ಕಟ್ಟಿದ, ಮುಂದೆ ಸಂಗೀತ ಮತ್ತು ನಾಟಕಗಳಿಗೂ ನೆಲೆಯಾದ ಈ ಭವನ ಸುಣ್ಣದ ಗಾರೆಯ ಕಾಲದ್ದು. ಅಂಥ ಕಟ್ಟಡಗಳ ದಪ್ಪ ಗೋಡೆಗಳು ಮಳೆಗಾಲದಲ್ಲಿ ನೀರು ಹೀರಿ, ಬಿಸಿಲು ಬಂದಾಗ ಮೇಲ್ಮೈಯ ಸೂಕ್ಷ್ಮ ರಂಧ್ರಗಳ ಮೂಲಕ ಆರಿಕೊಳ್ಳುತ್ತವೆ. ಮೇಲೆ ಸಿಮೆಂಟು ಬಳಿದರೆ ಆ ದಾರಿ ಮುಚ್ಚಿ, ತೇವದೊಡನೆ ಕರಗಿದ ಲವಣಗಳು ಒಳಗೇ ಹರಳುಗಟ್ಟಿ ಹಿಗ್ಗಿ, ಇಟ್ಟಿಗೆಯನ್ನು ಪುಡಿಮಾಡುತ್ತವೆ. ಈ ಹಾನಿ ಹೊರಗಿನ ನುಣುಪಾದ ಪದರದಿಂದಾಗಿ ವರ್ಷಗಟ್ಟಲೆ ಕಣ್ಣಿಗೆ ಬೀಳದಿರುವುದೇ ನಿಜಕ್ಕೂ ಆತಂಕದ ಸಂಗತಿ. ಸುಣ್ಣ ಗಟ್ಟಿಯಾಗಲು ಹೆಚ್ಚು ಕಾಲ ಬೇಕು. ಆದ್ದರಿಂದ ಇಂಥ ಕೆಲಸವನ್ನು ಅವಸರದಿಂದ ಮುಗಿಸುವಂತಿಲ್ಲ.